ಎರಡು ಗಡಿಯಾರದ ಮುನ್ಶಿ

ಮುನ್ಶಿಯವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಒಂಬತ್ತು ದಿನ ತಡವಾಗಿ. ದರ್ಗಾದ ಹಾದಿಯಲ್ಲಿ ಅತ್ತರು ಮಾರುವವನೊಬ್ಬನಿಗೆ ಸುಮ್ಮನೆ ಅವರ ಕ್ಷೇಮ ಕೇಳಿದೆ. "ಅವರು ಹೋಗಿ ಒಂಬತ್ತು ದಿನ ಆತಲ್ರೀ ರಾಯರ, ನಿಮಗ ಯಾರೂ ಹೇಳಿಲ್ಲೇನು?" ಎಂದ. ಹೇಳುವವರಾದರೂ ಯಾರು? ಅವರ ಮನೆಯಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ನಾನೇ ಎರಡು ಶುಕ್ರವಾರ ತಪ್ಪಿಸಿದ್ದೆ. ಮೊಣಕಾಲು ನೋವು ಎಂಬುದು ನೆಪ. ಅವರ ಎದುರು ಕೂತಾಗ ಎದೆಯಲ್ಲಿ ಆಗುತ್ತಿದ್ದ ನೋವಿಗೆ ಹೋಲಿಸಿದರೆ ಮೊಣಕಾಲಿನದು ಏನೂ ಅಲ್ಲ.

ಅವರ ಹೆಸರು ಬರೆಯುವುದಿಲ್ಲ. ಕಲಬುರ್ಗಿಯ ಹಳಬರಿಗೆ 'ಎರಡು ಗಡಿಯಾರದ ಮುನ್ಶಿ' ಎಂದರೆ ಸಾಕು. ಹೊಸಬರಿಗೆ ಹೆಸರು ಹೇಳಿ ಉಪಯೋಗವಿಲ್ಲ.

ಕಿಲ್ಲೆಯ ಕಡೆಗೆ ಆಗ ಒಂದು ಸಣ್ಣ ಛಾಪಖಾನೆ ಇತ್ತು. ಕಲ್ಲಚ್ಚಿನದು. ಅಂದರೆ ಮೊಳೆ ಜೋಡಿಸುವ ಕೆಲಸವಿಲ್ಲ. ಬರೆಯುವವನು ಕಾಗದದ ಮೇಲೆ ಕೈಯಲ್ಲಿ ಬರೆಯಬೇಕು, ಆ ಬರಹವನ್ನು ಕಲ್ಲಿಗೆ ಇಳಿಸಿ ಅದರಿಂದ ನೂರಾರು ಪ್ರತಿ ತೆಗೆಯಬೇಕು. ಬರೆದವನ ಅಕ್ಷರ ಹೇಗಿದೆಯೋ ಹಾಗೆಯೇ ಪುಸ್ತಕದಲ್ಲಿ ಮೂಡುತ್ತದೆ. ಉರ್ದು ಬರಹ ಮುನ್ಶಿಯವರದು, ಕನ್ನಡ ಬರಹ ನನ್ನದು. ನನಗಾಗ ಇಪ್ಪತ್ತಾರು, ಅವರಿಗೆ ಐವತ್ತರ ಹತ್ತಿರ. ನನ್ನ ಅಕ್ಷರ ಚೆನ್ನಾಗಿತ್ತು. ಅದನ್ನು ಊರವರು ಹೇಳುತ್ತಿದ್ದರು, ಊರವರು ಹೇಳದ ದಿನ ನಾನೇ ಹೇಳಿಕೊಳ್ಳುತ್ತಿದ್ದೆ.

ಮುನ್ಶಿಯವರ ಶೇರ್ವಾನಿಯ ಬಲಜೇಬಿನಲ್ಲಿ ಒಂದು ಗಡಿಯಾರ, ಎಡಜೇಬಿನಲ್ಲಿ ಒಂದು. ಬಲದ್ದು ರೈಲು ಸ್ಟೇಶನ್ನಿನ ವೇಳೆ. ಎಡದ್ದು ಊರ ವೇಳೆ, ಎಂದರೆ ಸೂರ್ಯನನ್ನು ನೋಡಿ ಕೋತವಾಲಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ಬಡಿಯುತ್ತಿದ್ದ ತಾಸಿನ ಗಂಟೆಯದು. ಇವೆರಡಕ್ಕೂ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಅಂತರ. ರೈಲು ಮುಂದೆ, ಊರು ಹಿಂದೆ. ಯಾರಾದರೂ "ಎಷ್ಟಾತ್ರೀ ಮುನ್ಶಿ ಸಾಹೇಬ್ರ?" ಎಂದು ಕೇಳಿದರೆ ಅವರು ಎರಡೂ ಜೇಬಿಗೆ ಕೈ ಹಾಕಿ, "ಯಾರ ವ್ಯಾಳ್ಯಾ ಬೇಕ್ರೀ, ಊರಿಂದೋ ರೈಲಿಂದೋ?" ಎನ್ನುವರು. ಕೇಳಿದವನು ಅರ್ಧ ದಾರಿಗೆ ಹೋಗಿರುತ್ತಿದ್ದ. ಅವರು ಅವನ ಬೆನ್ನಿಗೇ ಎರಡೂ ವೇಳೆ ಕೂಗಿ ಹೇಳುತ್ತಿದ್ದರು.

ಛಾಪಖಾನೆಯ ಮಾಲಕರಿಗೆ ಒಂದು ಹುಕಿ ಬಂತು. ಜಿಲ್ಲೆಯ ಪ್ರಯಾಣಿಕರಿಗಾಗಿ ಒಂದು ಕೈಪಿಡಿ ತೆಗೆಯಬೇಕು, ಊರಿಗೊಂದು ಪುಟ, ಆ ಪುಟದಲ್ಲಿ ಹಾದಿ, ನೀರು, ಉಳಿಯುವ ಜಾಗ, ಗುಡಿ, ದರ್ಗಾ, ಸಂತೆಯ ದಿನ, ಸ್ಟೇಶನ್ನಿಗೆ ಎಷ್ಟು ದೂರ, ರೈಲು ಎಷ್ಟು ಹೊತ್ತಿಗೆ. ಉರ್ದುವಿನಲ್ಲೊಂದು, ಕನ್ನಡದಲ್ಲೊಂದು. ಮಾಹಿತಿ ತರಲು ಮುನ್ಶಿಯವರು ಬಂಡಿ ಹತ್ತಿದರು. ಒಂದೆರಡು ಸಲ ನನ್ನನ್ನೂ ಕರೆದೊಯ್ದರು.

ಅವರ ಜೊತೆ ಊರು ಸುತ್ತುವುದು ಸುಖವಲ್ಲ. ಒಂದೊಂದು ಊರಿನಲ್ಲೂ ಇದ್ದಬದ್ದ ಬಾವಿಯ ನೀರನ್ನೆಲ್ಲ ಕುಡಿದು ನೋಡುವರು. ನಾಲಿಗೆಯ ಮೇಲೆ ಹೊರಳಿಸಿ, ಕಣ್ಣು ಮುಚ್ಚಿ, "ಸವಳು" ಎಂದೋ "ಸಿಹಿ" ಎಂದೋ ಬರೆದುಕೊಳ್ಳುವರು. ನನಗೂ ಕುಡಿ ಎನ್ನುವರು. ನಾನು ಮಡಿವಂತರ ಮನೆಯವನು, ಮೋರೆ ತಿರುಗಿಸುತ್ತಿದ್ದೆ. "ನೀವು ಕುಡೀಬ್ಯಾಡ್ರಿ, ನಿಮ್ಮ ಪುಸ್ತಕ ಓದಿ ಮಂದಿ ಕುಡೀತಾರ, ಅವರ ಹೊಟ್ಟಿ ಕೆಡಲಿ" ಎಂದು ನಗುವರು.

ಊರ ಹೆಸರು ಹೇಗೆ ಬರೆಯಬೇಕೆಂಬುದಕ್ಕೂ ಅವರದೇ ಒಂದು ಪದ್ಧತಿ. ದಫ್ತರದಲ್ಲಿ ಏನಿದೆ ಎಂಬುದು ಅವರಿಗೆ ಬೇಡ. ಬಾವಿಗೆ ಬಂದ ಮುದುಕಿಯ ಹತ್ತಿರ ಹೋಗಿ, ಅವಳ ಊರ ಹೆಸರನ್ನು ಅವಳಿಂದಲೇ ಮೇಲಿಂದ ಮೇಲೆ ಹೇಳಿಸುವರು. ಕಮಲಾಪುರದಲ್ಲಿ ಒಬ್ಬಳು ಮೂರನೆಯ ಸಲಕ್ಕೆ ಕೊಡ ಕೆಳಗಿಟ್ಟು, "ನಿನಗ ಕಿವಿ ಕೇಳಂಗಿಲ್ಲೇನೋ ಮುದುಕಪ್ಪಾ? ಎಷ್ಟ ಸಲ ಒದರಲಿ?" ಎಂದು ಮತ್ತೊಮ್ಮೆ ಹೆಸರು ಕೂಗಿ ಹೇಳಿದಳು. ಇವರು ಸಂತೋಷದಿಂದ ಬರೆದುಕೊಂಡರು. "ಮೊದಲನೇ ಸಲ ಸರ್ಕಾರಕ್ಕ ಹೇಳತಾರ, ಎರಡನೇ ಸಲ ಬೀಗರಿಗಿ ಹೇಳತಾರ. ಸಿಟ್ಟ ಬಂದಾಗ ಹೇಳಿದ್ದು ಊರಿನ ಖರೆ ಹೆಸರು, ರಾಯರ." ಸ್ಟೇಶನ್ನಿನ ಹಲಗೆಯ ಮೇಲಿರುವಂತೆ ಗುಲ್ಬರ್ಗಾ ಎಂದೇ ಹಾಕಿ ಎಂದು ಮಾಲಕರು ಹೇಳಿದರೂ, ಕನ್ನಡದ ಪುಟಗಳಲ್ಲಿ ನನ್ನಿಂದ ಕಲಬುರ್ಗಿ ಎಂದೇ ಬರೆಸಿದರು.

ಹೆಸರಿನ ಜಗಳ ನಗೆಯಲ್ಲಿ ಮುಗಿಯಿತು. ವೇಳೆಯ ಜಗಳ ಹಾಗೆ ಮುಗಿಯಲಿಲ್ಲ.

ಮಾಲಕರು ಹೇಳಿದರು: "ರೈಲಿನ ವ್ಯಾಳ್ಯಾನ ಹಾಕ್ರಿ. ಪುಸ್ತಕ ಸ್ಟೇಶನ್ನಿನ್ಯಾಗ ಮಾರಬೇಕು. ಮುಂಬಯಿಂದ ಬಂದಾಂವಗ ನಮ್ಮ ಕೋತವಾಲಿ ಗಂಟಿ ಯಾಕ ಬೇಕು?"

"ಮುಂಬಯಿಂದ ಬರಾಂವನ ಜೇಬಿನ್ಯಾಗ ಗಡಿಯಾರ ಇರತದ್ರೀ ಮಾಲಕರ. ಕಮಲಾಪುರದಿಂದ ಬರಾಂವಗ ತಲಿ ಮ್ಯಾಲ ಸೂರ್ಯ ಅಷ್ಟ. ಈ ಪುಸ್ತಕದ ಗರಜು ಇದ್ದದ್ದು ಯಾರಿಗಿ?" ಎಂದರು ಮುನ್ಶಿಯವರು. ಎಲ್ಲ ಗಾಡಿಗಳ ವೇಳೆಯನ್ನೂ ಊರ ವೇಳೆಗೆ ಇಳಿಸಿಯೇ ಬರೆಯಬೇಕೆಂದು ಅವರ ಹಟ. ಎರಡು ದಿನ ವಾದ ನಡೆದು ಕಡೆಗೆ ಒಂದು ರಾಜಿಯಾಯಿತು. ವೇಳೆ ರೈಲಿನದೇ ಇರಲಿ. ಆದರೆ ಪ್ರತಿ ಪುಟದ ಕೆಳಗೂ ಒಂದು ಸಾಲು ಬರಬೇಕು: 'ಇಲ್ಲಿನ ವೇಳೆ ಸ್ಟೇಶನ್ನಿನದು. ಊರ ಗಂಟೆ ನಂಬಿ ಬರುವವರು ಅರ್ಧ ತಾಸು ಮೊದಲೇ ಹೊರಡಿರಿ.'

"ಪಾನ ಪಾನಕ್ಕ ಬರೀರಿ ರಾಯರ," ಎಂದು, ಪುಟ ಪುಟಕ್ಕೂ ಆ ಸಾಲು ಬರಬೇಕೆಂದು, ನನಗೆ ಎರಡೆರಡು ಸಲ ಹೇಳಿದರು. "ಮೊದಲನೇ ಪಾನದಾಗ ಬರದ್ರ ಬರದಂಗ ಅಲ್ಲ. ಜನ ತಮ್ಮ ಊರಿನ ಪಾನ ಅಷ್ಟ ನೋಡತಾರ."

ಆಗಲಿ ಎಂದೆ. ಅದೇ ವಾರ ಅವರಿಗೆ ಚಳಿಜ್ವರ ಬಂದು ಹದಿನೈದು ದಿನ ಮನೆ ಹಿಡಿದರು. ಕನ್ನಡದ ಪುಟಗಳನ್ನು ನಾನು ಬರೆದದ್ದು ಆ ಹದಿನೈದು ದಿನಗಳಲ್ಲಿ.

ಈಗ ನನ್ನ ಕಥೆಯನ್ನು ಹೇಳಲೇಬೇಕು. ಪುಟಕ್ಕೆ ಹದಿನೆಂಟು ಸಾಲು ಬರುವಂತೆ ಗೆರೆ ಹಾಕಿಕೊಂಡಿದ್ದೆ. ಸುತ್ತ ನಾಲ್ಕೂ ಕಡೆ ಒಂದೇ ಅಳತೆಯ ಅಂಚು. ಮೊದಲ ಪುಟದಲ್ಲಿ ಆ ಹತ್ತೊಂಬತ್ತನೆಯ ಸಾಲು ಬರೆದು ನೋಡಿದೆ; ಕೆಳಗಿನ ಅಂಚು ತಿಂದುಹೋಯಿತು, ಪುಟ ಕುಂಟಾಯಿತು. ಎರಡನೆಯ ಪುಟಕ್ಕೆ ಕೈ ಏಳಲಿಲ್ಲ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ, ಸುತ್ತ ಬಳ್ಳಿ ಬಿಡಿಸಿ, ಆ ಸಾಲನ್ನು ಚಂದವಾಗಿ ಬರೆದೆ. ಉಳಿದ ಪುಟಗಳಲ್ಲಿ ಬಿಟ್ಟೆ. ಕೆಲಸ ತಪ್ಪಿಸಿಕೊಳ್ಳಲು ಬಿಟ್ಟದ್ದಲ್ಲ, ಮರೆತು ಬಿಟ್ಟದ್ದೂ ಅಲ್ಲ. ಪುಟ ಚಂದ ಕಾಣಲಿ ಎಂದು ಬಿಟ್ಟದ್ದು.

ಮುನ್ಶಿಯವರು ಜ್ವರ ಬಿಟ್ಟು ಬಂದಾಗ ಪುಸ್ತಕ ಹೊಲಿಗೆಯಾಗಿತ್ತು. ಒಂದು ಪ್ರತಿ ಕೈಗೆತ್ತಿಕೊಂಡು ನಿಧಾನವಾಗಿ ಹಾಳೆ ಮಗುಚಿದರು. ಕನ್ನಡ ಬರೆಯಲು ಅವರಿಗೆ ಬರುತ್ತಿದ್ದುದು ಅಷ್ಟಕ್ಕಷ್ಟೆ, ಓದಲು ಬರುತ್ತಿತ್ತು. ಕೊನೆಯ ತನಕ ನೋಡಿ, "ಭಾಳ ಚಂದ ಆಗ್ಯಾವ, ರಾಯರ" ಎಂದರು. ಮರುದಿನ ನಾನು ಬಂದಾಗ ಅವರು ಕೆಂಪು ಮಸಿ ಇಟ್ಟುಕೊಂಡು, ಒಂದೊಂದು ಪ್ರತಿಯ ಒಂದೊಂದು ಪುಟದ ಕೆಳಗೂ ತಮ್ಮ ಸೊಟ್ಟ ಕನ್ನಡದಲ್ಲಿ ಆ ಸಾಲು ಬರೆಯುತ್ತ ಕೂತಿದ್ದರು. ನಿಬ್ಬನ್ನು ನಾಲಿಗೆಗೆ ಮುಟ್ಟಿಸುವ ಚಾಳಿ ಅವರಿಗೆ, ನಾಲಿಗೆ ಕೆಂಪಾಗಿತ್ತು. ನನ್ನ ಪುಟಗಳನ್ನು ಹಾಳು ಮಾಡುತ್ತಿದ್ದಾರೆಂದು ನನಗೆ ಎಂಥ ಸಿಟ್ಟು! ನಾಲ್ಕು ದಿನ ಅವರ ಜೊತೆ ಮಾತು ಬಿಟ್ಟೆ. ಅವರು ಬರೆಯುತ್ತಲೇ ಇದ್ದರು.

ಹುಮನಾಬಾದ್ ರಸ್ತೆಯ ಊರುಗಳ ಪ್ರತಿಗಳು ಮಾತ್ರ ಅವರು ಬರುವ ಮೊದಲೇ ಟಪಾಲಿಗೆ ಹೋಗಿಬಿಟ್ಟಿದ್ದವು. ಆ ಊರುಗಳ ಚಾವಡಿಗೆಲ್ಲ ಕಾಗದ ಬರೆದರು. ಕಮಲಾಪುರಕ್ಕೆ ಕಾಗದ ಮುಟ್ಟುವ ಮೊದಲೇ ಆಗಬಾರದ್ದು ಆಗಿಹೋಗಿತ್ತು.

ಒಂದು ದಿನ ಮಧ್ಯಾಹ್ನ ಒಬ್ಬ ರೈತ ಛಾಪಖಾನೆಯ ಬಾಗಿಲಿಗೆ ಬಂದು ನಿಂತ. ಕಮಲಾಪುರದವನು, ಬಾಳೆ ತೋಟದವನು, ನನ್ನದೇ ವಯಸ್ಸು. ಕೈಯಲ್ಲಿ ನಮ್ಮ ಪುಸ್ತಕದ ಒಂದೇ ಒಂದು ಹಾಳೆ. ದನಿ ಏರಿಸಲಿಲ್ಲ. ನಿಂತಲ್ಲೇ ಹೇಳಿದ.

"ನನ್ನ ಹೇಣ್ತಿ ಏಳು ತಿಂಗಳ ಬಸುರಿ ಇದ್ದಳ್ರೀ. ಮೈ ಎಲ್ಲ ಬಾತು ಕಣ್ಣು ಮಂಜ ಆಗಿದ್ವು. ಸೊಲ್ಲಾಪುರದಾಗ ಬಸುರಿ ಹೆಣ್ಣಮಕ್ಕಳನ್ನ ನೋಡೂ ಡಾಕ್ಟರ್ ಬಾಯಿ ಇದ್ದಾರ, ಅಲ್ಲಿಗಿ ಒಯ್ಯಿ ಅಂದ್ರು. ಚಾವಡ್ಯಾಗ ಮಾಸ್ತರರು ಪುಸ್ತಕ ತಗದು, ಗಾಡಿ ಹನ್ನೊಂದಕ್ಕ ಅದ ಅಂತ ಓದಿ ಹೇಳಿದ್ರು. ಪುಸ್ತಕ ಚಾವಡೀದು, ಒಯ್ಯಾಕ ಬರಂಗಿಲ್ಲ ಅಂತ ನಮ್ಮೂರಿನ ಪಾನ ಹರದು ಕೊಟ್ರು. ಹಿಂದಿನ ದಿನಾನ ಬಂಡಿ ಕಟ್ಟಿ ಹೊಂಟ್ವಿ. ಕಪನೂರದಾಗ ವಸ್ತಿ ಮಾಡಿದ್ವಿ. ಮುಂಜಾನೆ ಕಲಬುರ್ಗಿ ಹತ್ರ ಬಂದಾಗ ಗಂಟಿ ಹತ್ತು ಬಡೀತು. ಸ್ಟೇಶನ್ನಿಗಿ ಅರ್ಧ ತಾಸಿನ ಹಾದಿ. ಬಂಡಿ ಕುಲುಕಾಟಕ್ಕ ಆಕಿ ಹೈರಾಣ ಆಗಿದ್ಲು. ಬೇವಿನ ಗಿಡದ ಬುಡಕ್ಕ ಇಳಿಸಿ ಅಂಬಲಿ ಕುಡಿಸಿದೆ. 'ಹೊತ್ತು ಅದ ಏನ್ರೀ?' ಅಂತ ಆಕಿ ಕೇಳಿದ್ಲು. 'ಬೇಕಾದಷ್ಟು ಅದ, ಸಾವಕಾಶ ಕುಡಿ' ಅಂದೆ."

ಅವನು ಕೈಯಲ್ಲಿದ್ದ ಹಾಳೆಯನ್ನು ಒಮ್ಮೆ ನೋಡಿಕೊಂಡ.

"ಸ್ಟೇಶನ್ನಿಗಿ ಹೋದ್ರ ಒಂದು ನರಪಿಳ್ಳಿ ಇಲ್ಲ. ನಾವ ಎಲ್ಲಾರಕಿಂತ ಮೊದಲು ಬಂದೀವಿ ಅಂತ ಖುಷಿ ಆತ್ರೀ ನನಗ. ಆಮ್ಯಾಲ ಹಮಾಲ ಹೇಳಿದ, ಗಾಡಿ ಹೋಗ್ಯಾದ, ಇನ್ನ ನಾಳಿಗೇ ಅಂತ. ಅಲ್ಲೇ ಮುಸಾಫಿರಖಾನ್ಯಾಗ ಮಲಗಿಸಿದೆ. ಸಂಜೀ ಮುಂದ ಕೈಕಾಲು ಸೆಟದು ಹೋಗಿಬಿಟ್ಲು. ಮಣ್ಣ ಮಾಡಿ ಬಂದೀನಿ."

ಹಾಳೆಯನ್ನು ಮುಂದೆ ಚಾಚಿದ. "ಇದನ್ನ ಬರದವರು ಯಾರ್ರೀ? ಜಗಳಕ್ಕ ಬಂದಿಲ್ಲ ನಾ. ಅವರ ಮಾರಿ ಒಮ್ಮಿ ನೋಡಬೇಕಾಗ್ಯಾದ."

ನನ್ನ ಕೈಯಲ್ಲಿ ಲೇಖನಿ ಇತ್ತು. ನಿಬ್ಬಿನ ಮಸಿ ಇನ್ನೂ ಆರಿರಲಿಲ್ಲ. ಆ ಹಾಳೆಯ ಮೇಲಿನ ಅಕ್ಷರ ನನ್ನದೆಂದು ಛಾಪಖಾನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ತಲೆ ಬಗ್ಗಿಸಿ ಮುಂದಿದ್ದ ಕಾಗದ ನೋಡಿದೆ. ಆಗ ಮುನ್ಶಿಯವರು ಎದ್ದು ನಿಂತು, "ನಾ ಬರದೀನಪ್ಪಾ" ಎಂದರು.

ರೈತ ಅವರ ಮುಖವನ್ನು ಬಹಳ ಹೊತ್ತು ನೋಡಿದ. ಅವರು ಕಣ್ಣು ತಗ್ಗಿಸಲಿಲ್ಲ. ಅವನು ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ಮಾಲಕರು ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದರು. ನಾನು ಹಿಡಿದ ಸಾಲನ್ನು ಪೂರ್ತಿ ಮಾಡಿದೆ. ಹೌದು, ಪೂರ್ತಿ ಮಾಡಿದೆ. ಕೈ ನಡುಗಲೂ ಇಲ್ಲ. ಅದಕ್ಕಾಗಿ ಇವತ್ತಿಗೂ ನನ್ನ ಕೈ ನೋಡಿದರೆ ನನಗೆ ಹೇಸಿಗೆ.

ಸಂಜೆ ಅವರ ಹಿಂದೆ ಓಡಿಹೋಗಿ, "ಯಾಕ ಹಾಂಗ ಹೇಳಿದ್ರಿ ಮುನ್ಶಿಯವರ?" ಎಂದು ಕೇಳಿದೆ. ಅವರು ನಡೆಯುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಮನ್ಯಾಗೂ ಬಸುರಿ ಹೆಣ್ಣಮಗಳು ಇದ್ದಾಳ. ಇಂಥಾ ಮಾತು ಹೊಚ್ಚಲ ದಾಟಿ ಒಳಗ ಹೋಗಬಾರದು. ಆಕಿ ಹಡದು ಏಳೂ ತನಕ ಸುಮ್ಮಿರ್ರಿ. ಆಮ್ಯಾಲ ನಿಮ್ಮ ಮನಸು ಹ್ಯಾಂಗ ಹೇಳತದ ಹಾಂಗ ಮಾಡ್ರಿ."

ನನ್ನ ಹೆಂಡತಿಗೂ ಆಗ ಏಳನೆಯ ತಿಂಗಳು. ಎರಡು ತಿಂಗಳಿಗೆ ಹೆರಿಗೆಯಾಯಿತು. ಹೆಣ್ಣುಮಗು, ತಾಯಿ ಮಗು ಸುಖ. ಬಾಣಂತನ ಮುಗಿಯಲಿ ಎಂದೆ. ಮಗು ಕೂರುವಂತಾಗಲಿ ಎಂದೆ. ಆಮೇಲೆ ಹಲ್ಲು ಬಂತು, ನಡಿಗೆ ಬಂತು, ಶಾಲೆಗೆ ಹೋದಳು. ಕಮಲಾಪುರಕ್ಕೆ ಹೋಗಿ ಒಂದು ಮಾತು ಹೇಳಿ ಬರಲು ನನಗೆ ಪುರುಸೊತ್ತಾಗಲಿಲ್ಲ.

ಮುನ್ಶಿಯವರು ಮರುವಾರವೇ ಛಾಪಖಾನೆ ಬಿಟ್ಟರು. ಯಾರೂ ಬಿಡು ಎನ್ನಲಿಲ್ಲ. ಕೆಂಪು ಮಸಿಯ ಕುಡಿಕೆ ಹಿಡಿದು ಆ ಬೇಸಿಗೆಯೆಲ್ಲ ಹುಮನಾಬಾದ್ ರಸ್ತೆಯ ಊರೂರು ತಿರುಗಿ, ಚಾವಡಿಯ ಪ್ರತಿಗಳಲ್ಲಿ ಆ ಸಾಲು ಬರೆದು ಬಂದರು. ಬಿಸಿಲಿಗೆ ಮುಖ ಸುಲಿದಿತ್ತು. ಮುಂದೆ ಕಚೇರಿಯ ಎದುರಿನ ಗಿಡದ ಕೆಳಗೆ ಕೂತು ಅರ್ಜಿ ಬರೆದುಕೊಟ್ಟು ಬದುಕಿದರು. ವರ್ಷಕ್ಕೊಮ್ಮೆ, ಅದೇ ದಿನಗಳಲ್ಲಿ, ಎರಡು ದಿನ ಊರಲ್ಲಿ ಇರುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಾರೆಂದು ನಾನು ಕೇಳಲಿಲ್ಲ. ಗೊತ್ತಿದ್ದದ್ದನ್ನು ಏನು ಕೇಳುವುದು?

ಶುಕ್ರವಾರ ಸಂಜೆ ಅವರ ಮನೆಗೆ ಹೋಗುವುದು ನನ್ನ ರೂಢಿಯಾಯಿತು. ಒಂದು ಕೋಣೆ, ಒಂದು ಚಾಪೆ, ಗೂಡಿನಲ್ಲಿ ನಾಲ್ಕು ಪುಸ್ತಕ. ಊರ ಸುದ್ದಿ, ಮಳೆಯ ಸುದ್ದಿ, ಯಾರ ಅರ್ಜಿ ಯಾರು ಹರಿದರು ಎಂಬ ಸುದ್ದಿ ಎಲ್ಲ ಆಡುವರು, ತಮಾಷೆ ಮಾಡುವರು. ನಾನು "ಮುನ್ಶಿಯವರ, ಆ ದಿನ..." ಎಂದು ಶುರು ಮಾಡಿದರೆ ಮಾತ್ರ, "ಚಾ ಆರಾಕತ್ತದ, ಕುಡೀರಿ" ಎನ್ನುವರು. ಅಷ್ಟು ಹೇಳಿ ತಡೆಯುತ್ತಾರೆಂದು ಗೊತ್ತಿದ್ದೇ ನಾನು ಶುರು ಮಾಡುತ್ತಿದ್ದೆನೋ ಏನೋ. ಚಾ ಕುಡಿದು ಎದ್ದು ಬರುತ್ತಿದ್ದೆ.

ಇಪ್ಪತ್ತು ವರ್ಷ ನನ್ನನ್ನು ಕಾಡಿದ್ದು ದೆವ್ವವಲ್ಲ, ಮುಂಜಾನೆಯ ಒಂದು ಸಣ್ಣ ಹೊತ್ತು. ಕೋತವಾಲಿಯಲ್ಲಿ ಹತ್ತು ಬಡಿದ ಮೇಲಿನಿಂದ ಸೊಲ್ಲಾಪುರದ ಗಾಡಿ ಸೀಟಿ ಹೊಡೆಯುವ ತನಕ ನನಗೆ ಒಂದಕ್ಷರ ಬರೆಯಲು ಆಗುವುದಿಲ್ಲ. ಬೇವಿನ ಗಿಡದ ಕೆಳಗೆ ಒಬ್ಬಳು ಅಂಬಲಿ ಕುಡಿಯುತ್ತಿರುತ್ತಾಳೆ. ಅವಳ ಮುಖವನ್ನು ನಾನು ನೋಡಿದವನಲ್ಲ. ಹಾಗಾಗಿ ಕೆಲವು ದಿನ ನನ್ನ ಹೆಂಡತಿಯ ಮುಖ ಇರುತ್ತದೆ, ಕೆಲವು ದಿನ ಮಗಳದು. ಬೇಗ ಕುಡಿಯಮ್ಮಾ, ಏಳಮ್ಮಾ ಎನ್ನುತ್ತೇನೆ. ಸೀಟಿ ಕೂಗುತ್ತದೆ.

ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದು, ಸೀಮಂತ ಮುಗಿಸಿ ಗಂಡನ ಮನೆಗೆ ಹೊರಟಾಗ, ಗಾಡಿಗೆ ಎರಡು ತಾಸು ಮೊದಲೇ ಅವಳನ್ನು ಸ್ಟೇಶನ್ನಿನಲ್ಲಿ ಕೂರಿಸಿದ್ದೆ. "ಅಪ್ಪಾ, ಇಷ್ಟು ಲಗೂ ಬಂದು ಏನ್ ಮಾಡೂದು?" ಎಂದು ನಕ್ಕಳು. ನಾನು ಮುಸಾಫಿರಖಾನೆಯ ಕಡೆ ಬೆನ್ನು ತಿರುಗಿಸಿ ಕೂತೆ. ಅವಳಿಗೆ ಏನೆಂದು ಹೇಳುವುದು? ಅವಳು ಹುಟ್ಟುವ ತನಕ ಎಂದು ಮುಚ್ಚಿಟ್ಟ ಮಾತು ಅವಳೇ ತಾಯಿಯಾಗುವ ತನಕ ಬಾಯಿಗೆ ಬಂದಿರಲಿಲ್ಲ.

ಅತ್ತರಿನವನಿಂದ ಸುದ್ದಿ ಕೇಳಿದ ಮರುದಿನವೇ ಕಮಲಾಪುರಕ್ಕೆ ಹೊರಟೆ. ಈಗ ಮೋಟಾರು ಹೋಗುತ್ತದೆ, ಒಂದೂವರೆ ತಾಸು ಸಾಕು. ಒಂದೂವರೆ ತಾಸಿನ ಹಾದಿಗೆ ನಾನು ಇಪ್ಪತ್ತು ವರ್ಷ ತೆಗೆದುಕೊಂಡಿದ್ದೆ.

ತೋಟ ಕೇಳಿಕೊಂಡು ಹೋದೆ. ಕೆಂಪು ಬಾಳೆಯ ಗೊನೆಗಳಿಗೆ ಊರುಗೋಲು ಕೊಡುತ್ತಿದ್ದವನು ತಿರುಗಿ ನೋಡಿದ. ಕೂದಲು ನೆರೆತಿತ್ತು. ಮತ್ತೆ ಮದುವೆಯಾಗಿರಲಿಲ್ಲವಂತೆ, ಅಣ್ಣನ ಮಕ್ಕಳ ಸಂಸಾರದಲ್ಲೇ ಇದ್ದ. ಛಾಪಖಾನೆಯಲ್ಲಿ ನನ್ನನ್ನು ಕಂಡ ನೆನಪು ಅವನಿಗಿರಲಿಲ್ಲ. ಆ ದಿನ ಅವನು ನೋಡಿದ್ದು ಒಂದೇ ಮುಖ. ಮುನ್ಶಿಯವರು ಹೋದರೆಂದು ಹೇಳಿದೆ. ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟು ಕೂತುಬಿಟ್ಟ. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

ನಾನು ಎಲ್ಲವನ್ನೂ ಹೇಳಿದೆ. ಹದಿನೆಂಟು ಸಾಲು, ಪುಟದ ಚಂದ, ಕೆಂಪು ಮಸಿ, ಲೇಖನಿ ಹಿಡಿದು ಸುಮ್ಮನೆ ಕೂತದ್ದು, ಯಾವುದನ್ನೂ ಬಿಡಲಿಲ್ಲ. "ಆ ಪಾನ ಬರದಾಂವ ನಾನಪ್ಪಾ. ನಿನ್ನ ಹೇಣ್ತಿ ಸಾವಿಗಿ ಕಾರಣ ನಾನು. ಅವರಲ್ಲ" ಎಂದೆ. ಅವನು ಏನು ಬೇಕಾದರೂ ಮಾಡಲಿ ಎಂದು ಕಾದೆ. ಬೈಯಲಿ, ಹೊಡೆಯಲಿ, ಅದಕ್ಕಾಗಿಯೇ ಹೋಗಿದ್ದೆ.

ಅವನು ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ.

"ನೀವು ಬರತೀರಿ ಅಂತ ಅವರು ಹ್ವಾದ ವರ್ಷಾನ ಹೇಳ್ಯಾರ್ರೀ. 'ನಾ ಹೋದ ಮ್ಯಾಲ ಕಲಬುರ್ಗಿಯಿಂದ ಒಬ್ಬ ರಾಯರು ಬರತಾರ. ತಪ್ಪು ತಮ್ಮದು ಅಂತಾರ. ನನ್ನ ಮ್ಯಾಲ ಅವರಿಗಿ ಭಾಳ ಜೀವ, ಅದಕ ನನ್ನ ಹೆಸರು ಉಳಸಾಕ ಹಾಂಗ ಹೇಳತಾರ. ನೀ ನಂಬಬ್ಯಾಡ. ಊಟ ಹಾಕಿ ಕಳಸು' ಅಂದಾರ."

"ಇಲ್ಲಪ್ಪಾ, ಖರೇನ ನಾ..."

"ಸಾಕ್ರೀ ರಾಯರ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗೌರವ ಇತ್ತು. "ದೊಡ್ಡ ಮನಸು ನಿಮ್ಮದು. ಆದ್ರ ವರ್ಷಾ ವರ್ಷಾ ಬಂದು ಆಕಿ ಗದ್ದಗಿ ಮುಂದ ಕುಂತು ಕೂಸಿನಂಗ ಅತ್ತು ಹೋಗಿದ್ದು ಅವರು. ನಾ ಕಣ್ಣಾರೆ ನೋಡೀನಿ. ತಪ್ಪು ಮಾಡದಾಂವ ಯಾರರ ಇಪ್ಪತ್ತು ವರ್ಷ ಹಾಂಗ ಅಳತಾನೇನ್ರೀ?"

ಅವನು ಒಂದು ಬಾಳೆಲೆ ಕೊಯ್ದು ಹೆಗಲ ಮೇಲೆ ಹಾಕಿಕೊಂಡು ಮನೆಯ ಕಡೆ ನಡೆದ. ಬಾಗಿಲಲ್ಲಿ ತಂಬಿಗೆಯಲ್ಲಿ ನೀರು ಕೊಟ್ಟ. ಬೇಡ ಎನ್ನುವ ಅಧಿಕಾರವೂ ನನಗಿರಲಿಲ್ಲ. ಕೈ ತೊಳೆದುಕೊಂಡು, ಅವನು ಹಾಸಿದ ಎಲೆಯ ಮುಂದೆ ಕೂತೆ.